ಐದು ಖಣದ ಕರಾರು

ಆ ಊರಿನಲ್ಲಿ ಮನೆ ನೋಡಲು ಬಂದವರು ಬಾಗಿಲು ನೋಡುವ ಮೊದಲು ಗೋಡೆ ಬಡಿದು ನೋಡುತ್ತಿದ್ದರು. ಮಡಿಚಿದ ಬೆರಳಿನ ಗೆಣ್ಣಿನಿಂದ ಟಕಟಕ ಬಡಿದು, ಆಮೇಲೆ ಕಿವಿ ಹಚ್ಚಿ ಮತ್ತೊಮ್ಮೆ. ಸದ್ದು ಟಣ್ ಎಂದರೆ ಹಳೆಯ ಕಲ್ಲು, ದಪ್ ಎಂದರೆ ಹೊಸದು. ಬೆಲೆ ಹಳೆಯದಕ್ಕೇ ಹೆಚ್ಚು. ಬೀದರಿನ ಸುತ್ತಲಿನ ಕೆಂಪು ಕಲ್ಲಿನ ಗುಣವೇ ಹಾಗೆ. ನೆಲದಿಂದ ಎಬ್ಬಿಸುವಾಗ ಬೆಲ್ಲದ ಪೆಂಟೆಯ ಹಾಗೆ ಮೆತ್ತಗೆ ಕಡಿಸಿಕೊಳ್ಳುತ್ತದೆ. ಬಿಸಿಲು ಗಾಳಿ ತಾಗಿದಂತೆಲ್ಲ ಬಿಗಿಯುತ್ತ ಹೋಗುತ್ತದೆ. "ಬ್ಯಾರೆ ಊರಾಗ ಮನಿಗಿ ವಯಸ್ಸಾದ್ರ ಬೀಳ್ತದ, ನಮ್ಮೂರಾಗ ವಯಸ್ಸಾದ್ರ ಜಗಳಕ್ಕ ನಿಲ್ತದ, ನಮ್ಮ ಮುದುಕ್ಯಾರಂಗ" ಎಂದು ಗಂಡಸರು ಹೇಳುತ್ತಿದ್ದರು, ಮುದುಕಿಯರಿಗೆ ಕೇಳಿಸುವಷ್ಟು ಗಟ್ಟಿಯಾಗಿ.

ಊರಿಗೆ ಊರೇ ಗಟ್ಟಿಯಾಗಿ ಮಾತಾಡುತ್ತಿತ್ತು. ಮೂರು ತಲೆಮಾರು ಕಲ್ಲಿನ ಖಣಿಯಲ್ಲಿ ಕಡಿಯುವ ಸದ್ದಿನ ಮೇಲೆ ಮಾತಾಡಿ ಬೆಳೆದ ಗಂಟಲುಗಳು. ಖಣಿ ನಿಂತ ಮೇಲೂ ಗಂಟಲಿಗೆ ಅದು ಗೊತ್ತಾಗಿರಲಿಲ್ಲ. ಗುಟ್ಟು ಹೇಳಬೇಕಾದರೆ ಕಿವಿಯ ಹತ್ತಿರ ಬಾಯಿ ತಂದು ಅಲ್ಲಿ ಕೂಗುತ್ತಿದ್ದರು. ಬಡಿದು ನೋಡುವ ಚಟವೂ ಹಾಗೆಯೇ ಉಳಿದಿತ್ತು. ಕುಂಬಳಕಾಯಿ, ಗಡಿಗೆ, ಹೊಸ ಎತ್ತಿನ ಕೊಂಬು, ಯಾವುದನ್ನೂ ಬಿಡುತ್ತಿರಲಿಲ್ಲ. ನಾನು ಬಂಡಿಯಿಂದ ಇಳಿದ ದಿನ ಇಬ್ಬರು ಹೆಂಗಸರು ನನ್ನ ಟ್ರಂಕು ಬಡಿದು ನೋಡಿ, "ಅರ್ಧಾ ಖಾಲಿ ಅದ" ಎಂದು ನನ್ನೆದುರಿಗೇ ತೀರ್ಮಾನ ಕೊಟ್ಟಿದ್ದರು. ಸರಿಯಾಗಿಯೇ ಹೇಳಿದ್ದರು.

ನಾವು ಭಾಲ್ಕಿಯವರು. ಪೊಲೀಸ್ ಆಕ್ಷನ್ ಆಗಿ, ನಿಜಾಮರ ಕಾಲದ ಉರ್ದು ಸಾಲೆಗಳಲ್ಲಿ ಕನ್ನಡ ಶುರುವಾದ ಹೊಸತು. ನನ್ನ ಗಂಡನಿಗೆ ಮಾಸ್ತರಿಕೆ ಸಿಕ್ಕಿ, ಜನವಾಡದ ದಾರಿಯಲ್ಲಿರುವ ಈ ಊರಿಗೆ ಹಾಕಿದ್ದರು. ನನ್ನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗಂಡ, ನಾನು, ಅತ್ತೆ, ಮೂವರು ಬಂದೆವು.

ಬಾಡಿಗೆಗೆ ಸಿಕ್ಕಿದ್ದು ಒಂದೇ ಕೋಣೆ, ಒಬ್ಬರ ದನದ ಕೊಟ್ಟಿಗೆಗೆ ಬೆನ್ನು ಹಚ್ಚಿಕೊಂಡದ್ದು. ಒಂದು ಮೂಲೆಯಲ್ಲಿ ಒಲೆ, ಇನ್ನೊಂದರಲ್ಲಿ ಅತ್ತೆಯ ಹಾಸಿಗೆ, ನಡುವೆ ಅಡ್ಡಕ್ಕೆ ಕಟ್ಟಿದ ಒಂದು ಹಳೆಯ ಸೀರೆ. ಸೀರೆಯ ಈಚೆ ನಾವು ಪಿಸುಗುಟ್ಟಿದರೆ ಆಚೆಯಿಂದ ಅತ್ತೆ ಉತ್ತರ ಕೊಡುತ್ತಿದ್ದರು. ಒಲೆ ಉರಿಸಿದರೆ ಹೊಗೆ ಹೋಗಲು ಜಾಗವಿಲ್ಲದೆ ಮನೆಯವರಂತೆ ನಮ್ಮ ಜೊತೆಯೇ ಕೂಡುತ್ತಿತ್ತು. ನನಗೆ ಬೇರೇನೂ ಬೇಕಾಗಿರಲಿಲ್ಲ. ಕಿಟಕಿ ಇರುವ ಒಂದು ಅಡುಗೆಮನೆ, ಮುಚ್ಚಿಕೊಳ್ಳಬಹುದಾದ ಒಂದು ಕದ. ನೀರು ಸೇದುವಾಗಲೂ ರೊಟ್ಟಿ ಬಡಿಯುವಾಗಲೂ ಅದೇ ಧ್ಯಾನ.

ಮನೆಗಳೇನೋ ಊರಿನಲ್ಲಿ ಬೇಕಾದಷ್ಟು ಮಾರಾಟಕ್ಕಿದ್ದವು. ಖಣಿಯಲ್ಲಿ ಕೆಲಸ ನಿಂತು ಕಲ್ಲು ಕಡಿಯುವವರು ಅರ್ಧಕ್ಕರ್ಧ ಊರು ಬಿಟ್ಟಿದ್ದರು. ಕೆಲವು ಮನೆಗಳ ಬೀಗ ಪೊಲೀಸ್ ಆಕ್ಷನ್ನಿನ ಗದ್ದಲದ ದಿನಗಳಲ್ಲಿ ಬಿದ್ದದ್ದು, ಮತ್ತೆ ತೆರೆದಿರಲಿಲ್ಲ. ಆಗ ಊರವರೆಲ್ಲ, ಇವರು ಅವರು ಎನ್ನದೆ, ಇನ್ನೂ ನೀರು ತುಂಬಿರದ ಖಣಿಯ ತಳಕ್ಕಿಳಿದು ಕುಳಿತಿದ್ದರಂತೆ; ಮೇಲೆ ರಸ್ತೆಯಲ್ಲಿ ಲಾರಿಗಳು ಹೋಗುವ ಸದ್ದು ಕೇಳುತ್ತಿತ್ತಂತೆ. ಆ ಮಾತು ಬಂದಾಗ ಮಾತ್ರ ಊರು ಮೆಲ್ಲಗೆ ಮಾತಾಡುತ್ತಿತ್ತು.

ಬೆಲೆಯೆಲ್ಲ ತಲೆಕೆಳಗಾಗಿತ್ತು. ಖಣಿ ನಡೆಯುವಾಗ ಅದರ ದಂಡೆಯ ಮನೆಗಳನ್ನು ಯಾರೂ ಕೇಳುತ್ತಿರಲಿಲ್ಲವಂತೆ. ದಿನವಿಡೀ ಕೆಂಪು ಧೂಳು, ಒಣಹಾಕಿದ ಬಿಳಿ ಧೋತರ ಸಂಜೆಗೆ ಕಾವಿಯಾಗುತ್ತಿತ್ತಂತೆ. ಅನುಕೂಲಸ್ಥರು ಊರಿನ ಆಚೆ ತುದಿಯಲ್ಲಿ ಕಟ್ಟಿಕೊಂಡಿದ್ದರು. ಈಗ ಕೆಲಸ ನಿಂತ ಖಣಿಯಲ್ಲಿ ಮಳೆನೀರು ತುಂಬಿ ಬೇಸಿಗೆಯಲ್ಲೂ ಬತ್ತದ ಕೆರೆಯಾಗಿತ್ತು. ಆಚೆ ತುದಿಯವರು ಕೊಡ ಹೊತ್ತು ಈಚೆ ಬರಬೇಕು. ದಂಡೆಯ ಮನೆಯ ಹೆಂಗಸರು ಹೊಸ್ತಿಲಲ್ಲಿ ಕೂತು, "ಬರ್ರಿ ಸಾವಕಾರ್‍ತಿ, ನಮ್ಮ ಧೂಳಿನ ಕಡಿ ದಾರಿ ತಪ್ಪಿದ್ರೇನು?" ಎಂದು ಕರೆಯುತ್ತಿದ್ದರು. ಮನೆ ಮಾರುವವರು ಬೆಲೆಯನ್ನು ನಿಜಾಮರ ಹಾಲಿ ರೂಪಾಯಿಯಲ್ಲಿ ಕೂಗಿ, ಕೈಚಾಚುವಾಗ ಹಿಂದುಸ್ತಾನದ ಕಲ್ದಾರ ಕೇಳುತ್ತಿದ್ದರು. ಎರಡೂ ಚಲಾವಣೆಯಲ್ಲಿದ್ದ ಕಾಲ. ಕಲ್ದಾರ ಹೆಚ್ಚು ಬಾಳುತ್ತಿತ್ತು.

ಆ ದಂಡೆಯ ಮೇಲಿನ ಒಂದು ಮನೆಯ ಮೇಲೆ ಅತ್ತೆಯ ಕಣ್ಣು ಬಿತ್ತು.

ಮನೆ ಖಣಿಯ ಹಿರಿಯ ಕಲ್ಲುಕಡಿಯುವವನದು. ಊರಿಗೆಲ್ಲ ಆತ ಮುತ್ಯಾ, ಆತನ ಹೆಂಡತಿ ಆಯಿ. ಮುತ್ಯಾನಿಗೆ ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದು ಮನಸ್ಸಿದ್ದಾಗ ಕೇಳುತ್ತಿತ್ತು. ಐದೂ ಹೆಣ್ಣುಮಕ್ಕಳು ಮದುವೆಯಾಗಿ ಔರಾದ, ಸಂತಪುರದ ಕಡೆ ಸೇರಿಕೊಂಡಿದ್ದರು. ಸಂತಪುರದಲ್ಲಿ ಆಯಿಯ ಅಣ್ಣತಮ್ಮಂದಿರು ಒಂದಿಷ್ಟು ಹೊಲ, ಹತ್ತೆಂಟು ಕುರಿ ಬಿಟ್ಟುಕೊಡುವುದಾಗಿ ಕರೆದಿದ್ದರು. "ಕಲ್ಲು ಸಾಕಾತು. ಇನ್ನ ಕುರಿ ಬಡದು ನೋಡ್ತೇನಿ" ಎನ್ನುತ್ತಿದ್ದ ಮುತ್ಯಾ. ಮಿರಗದ ಮುಂಗಾರು ಮಳೆಗೆ ಮೊದಲು ಹೋಗಿ ಬಿತ್ತನೆ ಹಿಡಿಯಬೇಕು. ನಾವು ತೆಗೆದುಕೊಳ್ಳದಿದ್ದರೆ ಬೀದರಿನ ಒಬ್ಬ ಗುತ್ತೇದಾರ ಕಾದು ಕೂತಿದ್ದ. ಅವನಿಗೆ ಬೇಕಾದದ್ದು ಮನೆಯಲ್ಲ, ಕಲ್ಲು. ಬಿಚ್ಚಿ ಬಂಡಿಗೆ ಹೇರಿಕೊಂಡು ಹೋಗುವವನು.

ಅತ್ತೆ ಮನೆಯೊಳಗೆ ನಿಂತು ಮೇಲೆ ನೋಡುತ್ತ ಬೆರಳು ಮಡಿಚಿದರು. ನಮ್ಮ ಭಾಲ್ಕಿಯ ಮನೆಯಲ್ಲಿ ಕನ್ನಡ, ಮರಾಠಿ ಎರಡೂ ಒಂದೇ ತಟ್ಟೆಯಲ್ಲಿ ಉಣ್ಣುವ ಭಾಷೆಗಳು. ಎರಡು ತೊಲೆಗಳ ನಡುವಿನ ಜಾಗಕ್ಕೆ ನಾವು ಖಣ ಎನ್ನುತ್ತಿದ್ದೆವು. ಮನೆಯ ದೊಡ್ಡಸ್ತಿಕೆಯೆಲ್ಲ ಖಣದ ಮೇಲೆಯೇ. ಈ ಊರಿನವರು ಅದಕ್ಕೆ ಅಂಕಣ ಎನ್ನುತ್ತಾರೆಂದು ನಮಗೆ ಆಮೇಲೆ ತಿಳಿಯಿತು. "ಏಳು ಖಣ" ಎಂದರು ಅತ್ತೆ, ನನ್ನ ಕಡೆ ತಿರುಗಿ. ಏಳನೆಯದು ಅಡುಗೆಮನೆ. ನಾನು ಅದಾಗಲೇ ಅಲ್ಲಿದ್ದೆ. ಒಂದು ಕಿಟಕಿ, ಅದರ ಕೆಳಗೆ ಖಣಿಯ ನೀರು, ನೀರಿನ ಬೆಳಕು ಜಂತಿಯ ಮೇಲೆ ಅಲುಗಾಡುತ್ತಿತ್ತು. ಕದವೂ ಇತ್ತು. ಒಮ್ಮೆ ಮುಚ್ಚಿ ತೆರೆದು ನೋಡಿದೆ.

ಬೆಲೆಯ ಮಾತು ಸುಲಭವಾಗಿ ಮುಗಿಯಿತು. ಗುತ್ತೇದಾರ ಹೇಳಿದ್ದಕ್ಕಿಂತ ತುಸು ಮೇಲೆ ಅತ್ತೆ ಹೇಳಿದರು, ಮುತ್ಯಾ ಕೈಮೇಲೆ ಕೈ ಹಾಕಿದ. ಎಲ್ಲ ಎದ್ದು ನಿಂತಾಗ ಆಯಿ ಒಲೆಯ ಹತ್ತಿರದಿಂದ ಹೇಳಿದಳು:

"ರೊಕ್ಕದ ಮಾತು ನಿಮ್ಮದು. ನಂದು ಒಂದ ಕರಾರು. ಐದು ಖಣ ನನಗ ಕೊಡ್ರಿ. ಅವು ಕೈಗಿ ಬಂದ ಮ್ಯಾಲ ಮನಿ ನಿಮ್ಮದು."

ಅತ್ತೆಯ ಮುಖ ನೋಡಬೇಕಿತ್ತು. ಅಂಥ ಮಾತಿಗೆ ಎದುರಾಗಿ ಉತ್ತರ ಕೊಡುವುದು ಅವರ ಮರ್ಯಾದೆಗೆ ಬರುತ್ತಿರಲಿಲ್ಲ. "ವಿಚಾರ ಮಾಡ್ತೇವ್ರಿ" ಎಂದು ಸೆರಗು ಹೊದ್ದು ಹೊರಟೇಬಿಟ್ಟರು. ಓಣಿ ತಿರುಗಿದ ಮೇಲೆ ಬಾಯಿ ಬಿಟ್ಟರು.

"ಏಳು ಖಣದ ಮನಿ. ಐದು ಆಕಿ ಇಟ್ಕೊಂಡ್ರ ನಮಗ ಉಳಿಯೂದು ಎರಡು. ಪೂರಾ ಮನಿ ರೊಕ್ಕ ಎಣಿಸಿ ಎರಡು ಖಣದಾಗ ಕೂಡ್ಲೇನು?"

"ಹೋಗೂಮಟ ಸಾಮಾನ ಇಡಲಿಕ್ಕ ಕೇಳಿರಬೇಕು" ಎಂದ ನನ್ನ ಗಂಡ.

"ಸಾಮಾನ? ಆ ಮನಿಯಾಗ ಎರಡು ಗಡಗಿ, ಒಂದು ಸುತ್ತಿಗಿ ಅದ. ಐದು ಖಣ ಬೇಕೇನ ಅದಕ್ಕ?"

ಮರುದಿನದಿಂದ ಸಂಧಾನ ಶುರುವಾಯಿತು. ಎರಡೂ ಮನೆಗಳ ನಡುವೆ ಓಡಾಡಿದವನು ಮುತ್ಯಾನೇ. ನನ್ನ ಚಹಾ ಆತನಿಗೆ ಸೇರುತ್ತಿತ್ತು. ಕಿವಿ ಮಂದವಾದ್ದರಿಂದ ಹೇಳಿದ್ದನ್ನು ಆತ ಮೂರು ಸಲ ಹೇಳಿಸಿಕೊಂಡು, ದಾರಿಯುದ್ದಕ್ಕೂ ಬಾಯಲ್ಲಿ ಅಂದುಕೊಳ್ಳುತ್ತ ಹೋಗಿ, ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದ. ಅರ್ಥ ಕೇಳುವ ಗೋಜಿಗೆ ಹೋಗುತ್ತಿರಲಿಲ್ಲ.

"ಒಂದು ಖಣ ಕೊಡ್ತೇವಂತ ಹೇಳು ಮುತ್ಯಾ" ಎಂದರು ಅತ್ತೆ.

ಸಂಜೆ ಉತ್ತರ ಬಂತು. "ಒಂದರಾಗ ಹ್ಯಾಂಗ ಆಗ್ತದ, ನನಗ ಐದು ಮಂದಿ ಹೆಣ್ಮಕ್ಕಳು, ಒಬ್ಬಾಕಿಗಿ ಒಂದು ಬೇಕ ಬೇಕು ಅಂತಾಳ."

ಅತ್ತೆ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟರು. ಮುತ್ಯಾ ಹೋದ ಮೇಲೆ ಗೋಡೆಗೊರಗಿ ಕೂತರು. "ಐದು ಹೆಣ್ಮಕ್ಕಳು. ಅಂದ್ರ ಐದು ಅಳ್ಯಾರು. ಅವರ ಮಕ್ಕಳು. ಒಬ್ಬೊಬ್ಬರಿಗೆ ಒಂದೊಂದು ಖಣ. ಇದು ಮನಿ ಮಾರೂದಲ್ಲ, ಧರ್ಮಶಾಲಿ ಕಟ್ಟೂದು."

"ಬ್ಯಾರೆ ಮನಿ ನೋಡೂಣು" ಎಂದ ಗಂಡ.

ಆ ಹೊತ್ತಿಗೆ ಕೊಟ್ಟಿಗೆಯ ಎಮ್ಮೆ ಗೋಡೆಗೆ ಮೈ ತಿಕ್ಕಿ, ಒಲೆಯ ಮೇಲಿನ ಪುಂಡಿಪಲ್ಯದಲ್ಲಿ ಮಣ್ಣು ಉದುರಿತು. ಸೌಟಿನಿಂದ ಮಣ್ಣು ತೆಗೆಯುತ್ತ ನನಗೆ ಆ ಕಿಟಕಿ ಕಣ್ಣಮುಂದೆ ಬಂತು. ಕಣ್ಣು ತುಂಬಿದ್ದು ಹೊಗೆಗೆ ಎಂದು ಅತ್ತೆ ಅಂದುಕೊಂಡಿರಬಹುದು, ಅಂದುಕೊಂಡಿರಲಿಕ್ಕಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ, "ಇರಲಿ, ಎರಡು ಖಣಕ್ಕ ಬರೂಣು. ನಡುವಿನವು, ಕಿಡಕಿ ಇಲ್ಲದ್ದು. ಅಡಿಗಿ ಮನಿ ಮಾತ್ರ ಸತ್ತರೂ ಬಿಡೂದಿಲ್ಲ" ಎಂದರು.

ಮತ್ತೆ ಚಹಾಕ್ಕೆ ಬಂದ ಮುತ್ಯಾ ಆ ಮಾತನ್ನೂ ಹೊತ್ತುಕೊಂಡು ಹೋದ. "ಎರಡು ಖಣ, ಕಿಡಕಿ ಇಲ್ಲದ್ದು" ಎಂದು ಅಂದುಕೊಳ್ಳುತ್ತ ಹೋಗುವುದು ಓಣಿಯ ಕೊನೆಯವರೆಗೂ ಕೇಳಿಸಿತು.

ಮರುದಿನ ಬೆಳಿಗ್ಗೆ ನಾನು ನೀರಿಗೆ ಹೋದಾಗ ಆಯಿ ಹೊಸ್ತಿಲಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕೈಮಾಡಿ ಕರೆದು ಪಕ್ಕಕ್ಕೆ ಕೂಡಿಸಿಕೊಂಡಳು. ಮೊರದಿಂದ ಕಣ್ಣೆತ್ತದೆ ಮಾತಾಡಿದಳು.

"ನಿಮ್ಮತ್ತಿ ಎರಡಕ್ಕ ಬಂದಾಳಂತ. ಬರಲಿ. ಆದ್ರ ತಂಗಿ, ಕಿಡಕಿ ಇಲ್ಲದ್ದು ಅಂದ್ರ ಹ್ಯಾಂಗ ಇರ್ತದ? ಭಾಲ್ಕಿ ಬಾಜಾರದಾಗ ಹೊಸಾ ನಮೂನಿ ಬಂದದೇನು?"

"ನಡುವಿನವು ಆಯಿ. ಸ್ವಲ್ಪ ಕತ್ತಲಿ ಇರ್ತಾವ" ಎಂದೆ.

"ಕರ್‍ರಗ ಇರ್ತಾವೇನು? ಬ್ಯಾಡವ್ವಾ. ನನ್ನ ಸಣ್ಣಾಕಿ ಮೊದಲ ಕರಿಬಣ್ಣ. ಆಕಿಗಿ ಕುಸುಬಿ ಬಣ್ಣದ್ದು ನೋಡ್ರಿ. ನಡುವಿನಾಕಿಗಿ ಹಸರು ನಡೀತದ. ದೊಡ್ಡಾಕಿಗಿ ಯಾವ ಬಣ್ಣದ್ದರೆ ಇರಲಿ, ತೋಳು ದಪ್ಪ ಅವ, ಒಂದು ಗೇಣು ಹೆಚ್ಚ ಹರಿಸ್ರಿ."

ನನ್ನ ಸೊಂಟದ ಮೇಲಿನ ಖಾಲಿ ಕೊಡ ಜಾರಿ ಮೆಟ್ಟಿಲ ಮೇಲೆ ಟಣಟಣ ಉರುಳಿತು. ಆಯಿ ಕೇಳುತ್ತಿದ್ದದ್ದು ಕುಬಸದ ಖಣ, ರವಿಕೆ ಹೊಲಿಸುವ ತುಂಡು. ನಮ್ಮ ಮನೆಯಲ್ಲಿ ಅದಕ್ಕೆ ಚೋಳಿಖಣ ಎಂದೇ ಅನ್ನಬೇಕು. ಬರೀ ಖಣ ಎಂದರೆ ತೊಲೆ, ಜಂತಿ, ಮಾಳಿಗೆ. ಈಕೆಗೆ ಬರೀ ಖಣ ಎಂದರೆ ಅಂಚಿನ ಬಟ್ಟೆ, ಬೇರೇನೂ ಇಲ್ಲ.

"ಆಯಿ, ಮನಿ ಮಾರೂ ಮಾತಿನಾಗ ಖಣ ಯಾಕ್ರಿ?" ಎಂದೆ, ನಗು ತಡೆದುಕೊಂಡು.

ಆಗ ಆಯಿ ಮೊರ ಕೆಳಗಿಟ್ಟಳು. ಈ ಊರಿನ ಗಂಟಲಿಗೆ ಒಪ್ಪದ ಸಣ್ಣ ದನಿಯಲ್ಲಿ ಹೇಳಿದಳು. "ನಾವು ಸಂತಪುರಕ್ಕ ಹೋಗ್ತೇವಿ. ಅದು ನನ್ನ ತವರು, ಅವರ ತವರಲ್ಲ. ಅವರು ಐದೂ ಮಂದಿ ಹುಟ್ಟಿದ್ದು ಈ ಮನ್ಯಾಗ. ಮನಿ ಮಾರಿದ್ರ ಹೆಣ್ಮಕ್ಕಳ ತವರು ಮುಗೀತು. ತೊಗೊಂಡವ್ರು ಒಂದೊಂದು ಖಣ ಕೊಟ್ಟು ಉಡಿ ತುಂಬಿದ್ರ, ಬಾಗಲಾ ಇನ್ನಾ ತೆರದದ ಅಂತ ತಿಳೀತಾರ. ಆ ಗುತ್ತೇದಾರಗ ಇದನ್ನ ಹೇಳಿದ್ರ ನಕ್ಕ. ಬಾಗಲಾನ ಕಿತ್ಕೊಂಡು ಹೋಗಾಂವ, ಅಂವ ಏನು ಕೊಡ್ತಾನ? ನಿಮ್ಮತ್ತಿ ನಗಲಿಲ್ಲ. ವಿಚಾರ ಮಾಡ್ತೇನಂದ್ಲು. ಅದಕ್ಕ ನಿಮ್ಮ ದಾರಿ ಕಾಯಾಕತ್ತೇನಿ. ಎರಡಾದ್ರ ಎರಡು, ಐವರು ಹಂಚ್ಕೊಂಡು ಮುಟ್ಟತಾರ ಬಿಡು."

ನಾನು ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ.

ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಹೇಳಿ ಮುಗಿಸುವವರೆಗೆ ಅವರ ಕೈ ನಿಲ್ಲಲಿಲ್ಲ. ಆಮೇಲೆ ನಿಂತಿತು.

"ಚೋಳಿಖಣ?"

"ಹೌದ್ರಿ ಅತ್ತಿ."

"ಅಂದ್ರ ನಿನ್ನಿ ನಾ ಚೋಳಿಗಿ ಕಿಡಕಿ ಇರೂದಿಲ್ಲಂತ ಹೇಳಿ ಕಳಿಸೇನಿ?"

ನನಗೆ ಇನ್ನು ತಡೆಯಲಾಗಲಿಲ್ಲ. ಅವರಿಗೂ ಆಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಿಯಾಯಿತು. ಕೋಣೆ ತುಂಬ ಹೊಗೆ, ಆ ಹೊಗೆಯಲ್ಲಿ ಕೆಮ್ಮುತ್ತ ನಗುತ್ತ ಕೂತಿದ್ದಾಗ ಗಂಡ ಸಾಲೆಯಿಂದ ಊಟಕ್ಕೆ ಬಂದ. ಬಾಗಿಲಲ್ಲೇ ಗಾಬರಿಯಾಗಿ ನಿಂತ.

"ಬಾರಪ್ಪಾ ಮಾಸ್ತರ" ಎಂದರು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಂಡು. "ಒಂದು ಶಬ್ದಕ್ಕ ಎರಡು ಅರ್ಥ ಅಂತ ಊರ ಹುಡುಗರಿಗೆಲ್ಲ ಕಲಸ್ತಿ. ಮನಿಗಿ ಬಂದ ಕೂಡ್ಲೆ ಪಾಟಿ ಒರಸ್ತಿ ಏನು?"

ಅದೇ ಮಧ್ಯಾಹ್ನ ಅತ್ತೆ ತಾವೇ ಆಯಿಯ ಮನೆಗೆ ನಡೆದರು. ಮುತ್ಯಾನನ್ನು ನಡುವೆ ಬಿಡಲಿಲ್ಲ. ನಾನು ಹಿಂದೆ ಹೋದೆ, ನನ್ನ ಕೊಡ ಅಲ್ಲಿಯೇ ಇತ್ತಲ್ಲ. ಇಬ್ಬರೂ ಎದುರುಬದುರು ಕೂತು ವಿಷಯ ಬಿಡಿಸಿಕೊಂಡದ್ದು ಖಣಿಯ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರಿಗೂ ಕೇಳಿಸಿತು.

"ಕುಬಸದ್ದು ಅಂತ ಒಂದ ಮಾತು ಮುಂದ ಹಚ್ಚಿದ್ರ ನಿಮ್ಮ ಗಂಟೇನು ಹೋಗ್ತಿತ್ತು ಆಯಿ?"

"ಅಂಕಣಕ್ಕ ಅಂಕಣ ಅನ್ಲಿಕ್ಕೆ ನಿಮಗೇನಾಗಿತ್ತ್ರಿ ಬಾಯಿ? ಎರಡು ಭಾಷಾ ಬರ್ತಾವ ಅಂತೀರಿ, ಎರಡರಾಗೂ ತಪ್ಪ ಮಾಡ್ತೀರಿ."

"ನಾ ತಿಳ್ಕೊಂಡೆ, ನೀವು ಅಳ್ಯಾರನ್ನೆಲ್ಲ ತಂದು ಸಾಲಾಗಿ ಮಲಗಸ್ತೀರಿ ಅಂತ."

"ನಾ ತಿಳ್ಕೊಂಡೆ, ಭಾಲ್ಕಿಯವ್ರು ಒಂದು ಕುಬಸಕ್ಕ ಇಷ್ಟು ಜೀವಾ ಹಿಡೀತಾರಲ್ಲ, ಇವರು ಈ ಮನಿಗಿ ಸುಣ್ಣ ಹ್ಯಾಂಗ ಹಚ್ಚತಾರ ಅಂತ."

ಮುತ್ಯಾ ಮೂಲೆಯಿಂದ ಕೈ ಎತ್ತಿದ. "ನಾ ಒಂದಕ್ಷರ ಆಚೀಚಿ ಮಾಡಿಲ್ಲ ನೋಡ್ರಿ."

"ಮಾಡಿದ್ರ ಛಲೋ ಇತ್ತು" ಎಂದಳು ಆಯಿ.

ಸಂತೆಯ ದಿನ ಅತ್ತೆ ನನ್ನನ್ನು ಕರೆದುಕೊಂಡು ಭಾಲ್ಕಿಗೆ ಹೋದರು. ಪರಿಚಯದ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಒಂದೊಂದು ಖಣವನ್ನೂ ಬೆಳಕಿಗೆ ಹಿಡಿದು ನೋಡಿದರು. ಕುಸುಬಿ ಬಣ್ಣದ್ದು ಸಿಗಲು ಮೂರು ಅಂಗಡಿ ಹತ್ತಿ ಇಳಿದೆವು. ದೊಡ್ಡಾಕೆಯದನ್ನು ಒಂದು ಗೇಣು ಹೆಚ್ಚಿಗೆ ಹರಿಸಿದೆವು. ಆಯಿ ತನಗೆಂದು ಕೇಳಿರಲಿಲ್ಲ. ಅತ್ತೆ ಆರನೆಯದೊಂದನ್ನು ತಾವೇ ಆರಿಸಿ, ಏನೂ ಹೇಳದೆ ಗಂಟಿನ ತಳಕ್ಕೆ ಇಟ್ಟರು.

ಹೆಣ್ಣುಮಕ್ಕಳು ಐವರೂ ಔರಾದ, ಸಂತಪುರದ ಕಡೆಯಿಂದ ಒಂದೇ ಬಂಡಿಯಲ್ಲಿ ಬಂದಿಳಿದರು. ಅವರ ಗಂಟಲೂ ಇದೇ ಊರಿನದು; ಬಂಡಿ ಬರುವ ಮೊದಲು ಮಾತು ಬಂತು. ಉಡಿ ತುಂಬಿದವಳು ನಾನು. ಅಕ್ಕಿ, ಅರಿಶಿನಕೊಂಬು, ಕೊಬ್ಬರಿ ಬಟ್ಟಲು, ಮೇಲೆ ಖಣ. ನನಗಿಂತ ಹಿರಿಯರಾದ ನಾಲ್ವರಿಗೆ ಉಡಿ ತುಂಬಿ ನಾನೇ ಕಾಲಿಗೆ ಬಿದ್ದೆ. ಸಣ್ಣವಳು ಖಣವನ್ನು ಮೂಗಿಗೆ ಹಿಡಿದು ಹೊಸ ಬಟ್ಟೆಯ ವಾಸನೆ ನೋಡಿ, "ವೈನಿ, ಪಂಚಮಿಗಿ ಬಂದ್ರ ಹೊರಗ ಹಾಕ್ತೀರೇನು?" ಎಂದಳು. ಆಯಿ ಗೋಡೆಯ ಕಡೆ ತಿರುಗಿ ಸೆರಗು ಸರಿಮಾಡಿಕೊಂಡಳು.

"ಬರ್ರಿ" ಎಂದೆ. ಕರೆದದ್ದು ಬಾಯಿಮಾತಿಗೆ ಎಂದು ಅತ್ತೆ ಅಂದುಕೊಂಡಿದ್ದರು.

ಮಿರಗದ ಮೊದಲ ಮಳೆಗೆ ನಾವು ಹೊಸ ಮನೆಯಲ್ಲಿದ್ದೆವು. ಮೊದಲ ದಿನ ನಾನು ಅಡುಗೆಮನೆಯ ಕದ ಮುಚ್ಚಿಕೊಂಡು, ಕಿಟಕಿ ತೆರೆದಿಟ್ಟು, ಒಬ್ಬಳೇ ಒಂದು ಬಟ್ಟಲು ಚಹಾ ಕುಡಿದೆ. ಕೆಳಗೆ ಖಣಿಯ ನೀರಿನ ಮೇಲೆ ಹನಿ ಬೀಳುತ್ತಿದ್ದವು. ಹೊಗೆ ನೆಟ್ಟಗೆ ಕಿಟಕಿಯಿಂದ ಹೊರಟು ಖಣಿ ದಾಟಿ ಹೋಯಿತು. ಹೊರಗೆ ಅತ್ತೆ ಗೋಡೆ ಬಡಿದು ನೋಡುತ್ತಿರುವ ಸದ್ದು ಕೇಳಿಸಿತು. ನಾವು ಆ ಊರಿನವರಾಗಿದ್ದೆವು.

ಶ್ರಾವಣದಲ್ಲಿ ಪಂಚಮಿ ಬಂತು, ಬಂಡಿಯೂ ಬಂತು. ಈ ಸಲ ಮಕ್ಕಳನ್ನೂ ಹೇರಿಕೊಂಡು. ಐವರೂ ಹೊಸ ಕುಬಸ ಹೊಲಿಸಿ ತೊಟ್ಟಿದ್ದರು. ದೊಡ್ಡಾಕೆಯ ತೋಳು ಹೆಚ್ಚಿಗೆ ಹರಿಸಿದರೂ ಬಿಗಿಯೇ ಆಗಿತ್ತು. ಯಾರನ್ನೂ ಕೇಳದೆ ನಡುಮನೆಯ ತೊಲೆಗೆ ಹಗ್ಗ ಹಾಕಿ ಜೋಕಾಲಿ ಕಟ್ಟಿದರು. ಆ ತೊಲೆಯಲ್ಲಿ ಹಗ್ಗ ತಿಕ್ಕಿ ತಿಕ್ಕಿ ಸವೆದ ಗುರುತು ಮೊದಲೇ ಇತ್ತು. ಅದೇನೆಂದು ನನಗೆ ಅಂದು ತಿಳಿಯಿತು. ಅಳ್ಳು ಹುರಿದೆವು, ಉಂಡಿ ಕಟ್ಟಿದೆವು. ಅತ್ತೆಯನ್ನು ಹಿಡಿದು ಜೋಕಾಲಿಯಲ್ಲಿ ಕೂಡಿಸಿ ಜೀಕಿದರು. ಅತ್ತೆ ಎರಡು ಭಾಷೆಯಲ್ಲೂ ಬೇಡ ಎಂದು ಕೂಗಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೋಳಿಗೆ ಉಂಡ ಮೇಲೆ ಮನೆ ಒರಗಿತು. ದೊಡ್ಡಾಕೆ ಮಕ್ಕಳೊಂದಿಗೆ ಬಾಗಿಲ ಹತ್ತಿರದ ಖಣದಲ್ಲಿ, ಎರಡನೆಯವಳು ಅದರಾಚೆ, ಹೀಗೆ ಸಾಲಾಗಿ, ಹುಟ್ಟಿದಂದಿನಿಂದ ಯಾರ ಜಾಗ ಯಾವುದೆಂದು ಗೊತ್ತಿದ್ದವರ ಹಾಗೆ. ನಾನು ಅಡುಗೆಮನೆಯಲ್ಲಿ, ನನ್ನ ಗಂಡ ಎಲ್ಲೂ ಜಾಗ ಸಿಗದೆ ಹೊರಗೆ ಬೇವಿನ ಕೆಳಗೆ. ಅತ್ತೆ ಮಲಗಲು ಬಂದವರು ನಡುವೆ ನಿಂತು, ಮೊದಲ ದಿನದ ಹಾಗೆ ಮೇಲೆ ನೋಡುತ್ತ ಬೆರಳು ಮಡಿಚಿದರು. ಒಂದು, ಎರಡು, ಮೂರು, ನಾಲ್ಕು, ಐದು.

"ಕಡೀಕೂ ಐದು ಖಣ ತೊಗೊಂಡ್ರಲ್ಲೇ ನೀವು" ಎಂದರು.

ಬಾಗಿಲ ಹತ್ತಿರದಿಂದ ದೊಡ್ಡಾಕೆ, ಕಣ್ಣು ಮುಚ್ಚಿಕೊಂಡೇ, ಓಣಿಗೆಲ್ಲ ಕೇಳುವಂತೆ ಹೇಳಿದಳು:

"ಎರಡು ನಿಮಗ ಬಿಟ್ಟೇವಲ್ರಿ, ಮಾವಶಿ. ಮಕ್ಕೊರಿ ಸುಮ್ಮ."